ಹದ ನೋಡುವವರು

(ಮಂಡ್ಯ ಜಿಲ್ಲೆಯ ಹೊಳಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಮಂಡ್ಯದ ಸುತ್ತಮುತ್ತಲ ಆಲೆಮನೆಗಳಲ್ಲಿ ಕಾಣುವ ಒಂದು ನೋಟದಿಂದ ಈ ಮಾತು ಶುರುವಾಗಲಿ. ಗಾಣಕ್ಕೆ ಕಬ್ಬು ಕೊಡುವವರು ಹುಡುಗರು. ಒಣಗಿದ ಸಿಪ್ಪೆಯನ್ನು ಒಲೆಗೆ ತಳ್ಳುವವರೂ ಅವರೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮರಳುತ್ತಿರುತ್ತದೆ, ಮೇಲೆ ಬಂದ ಮಡ್ಡಿಯನ್ನು ಒಬ್ಬ ತೆಗೆದು ಆಚೆ ಚೆಲ್ಲುತ್ತಿರುತ್ತಾನೆ. ಇವರೆಲ್ಲರಿಂದ ಸ್ವಲ್ಪ ದೂರದಲ್ಲಿ, ಗೋಡೆಗೊರಗಿ, ಗೋಣಿಚೀಲದ ಮೇಲೆ ಹಿರಿಯರೊಬ್ಬರು ಕೂತಿರುತ್ತಾರೆ. ನೋಡುವವರಿಗೆ ಅವರು ಚಳಿ ಕಾಯಿಸಿಕೊಳ್ಳುತ್ತಿರುವಂತೆ ಕಾಣುತ್ತದೆ. ಆದರೆ ಅವರ ಕಿವಿ ಕೊಪ್ಪರಿಗೆಯಲ್ಲಿರುತ್ತದೆ. ನೊರೆ ಹಳದಿಗೆ ತಿರುಗಿ, ಗುಳ್ಳೆ ದೊಡ್ಡದಾಗಿ, ಕೊತಕೊತ ಸದ್ದು ಮಂದವಾಗುತ್ತಿದ್ದಂತೆ ಯಾರೂ ಕರೆಯದೆ ಎದ್ದು ಬರುತ್ತಾರೆ. ಸೌಟಿನ ತುದಿಯ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಎರಡು ಬೆರಳ ನಡುವೆ ಉರುಟಿ ನೋಡುತ್ತಾರೆ. ‘ಇನ್ನೊಂದ್ ಚಣ ತಡೀರಿ’ ಅನ್ನುತ್ತಾರೆ. ಮತ್ತೆ ಬಿಟ್ಟು, ಮತ್ತೆ ಉರುಟಿ, ಈ ಸಲ ಬಟ್ಟಲಿನ ಅಂಚಿಗೆ ಬಡಿದರೆ ಟಣ್ ಎಂದೀತು ಅನ್ನುವಷ್ಟು ಗಟ್ಟಿಯಾಗಿದ್ದರೆ, ‘ಎತ್ರಪ್ಪಾ’ ಅನ್ನುತ್ತಾರೆ. ನಾಲ್ಕು ಜನ ಹುಡುಗರು ಕೊಪ್ಪರಿಗೆಗೆ ಕೈ ಹಾಕುತ್ತಾರೆ.

ಪಾಕದ ಈ ಹದ 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬರುತ್ತದೆ. ಒಂದೆರಡು ಡಿಗ್ರಿ ಮೊದಲೇ ಎತ್ತಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜಿನುಗುತ್ತದೆ, ತಡವಾದರೆ ಕಪ್ಪಾಗಿ ಕಹಿ ತಿರುಗುತ್ತದೆ. ಎರಡೂ ಮಂಡಿಯಲ್ಲಿ ಬೆಲೆ ಕಳೆದುಕೊಳ್ಳುತ್ತವೆ. ಅಳೆಯಲು ಥರ್ಮಾಮೀಟರ್ ಇದೆ. ಆದರೆ ಹೆಚ್ಚಿನ ಕಡೆ ಇಂದಿಗೂ ಆ ಎರಡು ಬೆರಳಿನ ಮಾತೇ ಕೊನೆಯ ಮಾತು. ಕಬ್ಬು ಕಡಿಯುವ ಶಕ್ತಿ ಹೋದ ಮೇಲೆ, ಹೊರೆ ಹೊರುವ ಹೆಗಲು ಸೋತ ಮೇಲೆ ಅವರಲ್ಲಿ ಉಳಿದದ್ದು ಹದ. ಅದು ವಯಸ್ಸಿನಿಂದಲೇ ಬಂದದ್ದು, ಇಪ್ಪತ್ತೈದರ ಹುಡುಗನಿಗೆ ಬಂದಿಲ್ಲ.

ಅದೇ ಹಿರಿಯರು ಸಂಜೆ ಮನೆಗೆ ಹೋಗುತ್ತಾರೆ. ಹಸುವಿಗೆ ಹುಲ್ಲು ಹಾಕಲು ಎದ್ದರೆ ಮಗ ಹೇಳುತ್ತಾನೆ: ‘ನಿಂಗ್ಯಾಕಪ್ಪ ಇವೆಲ್ಲ, ಸುಮ್ಕೆ ಒಂದ್ಕಡೆ ಕೂತ್ಕೊ.’ ಸೊಸೆ ಹೇಳುತ್ತಾಳೆ: ‘ಬುಡಿ ಮಾವ, ನಾವ್ ಮಾಡ್ಕತೀವಿ.’ ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಅಪ್ಪ ದುಡಿದು ದಣಿದಿದ್ದಾನೆ, ಇನ್ನಾದರೂ ಆರಾಮಾಗಿರಲಿ ಎಂಬ ಪ್ರೀತಿಯೇ ಆ ಮಾತಿನಲ್ಲಿರುವುದು. ಈ ಉಪನ್ಯಾಸ ಹೇಳಬೇಕೆಂದಿರುವುದು ಒಂದೇ ಸಂಗತಿ. ನಮ್ಮ ಊರುಗಳಲ್ಲಿ ಮನುಷ್ಯರನ್ನು ಮುದುಕರನ್ನಾಗಿ ಮಾಡುವುದು ಬರೀ ವಯಸ್ಸಲ್ಲ, ಈ ‘ಸುಮ್ಕೆ ಕೂತ್ಕೊ’ ಎಂಬ ಪ್ರೀತಿಯ ಮಾತೂ ಹೌದು.

ನಿವೃತ್ತಿ ಎಂಬ ಕಲ್ಪನೆ ನಾವು ತಿಳಿದಷ್ಟು ಹಳೆಯದಲ್ಲ. ಇಷ್ಟು ವಯಸ್ಸಾದವರಿಗೆ ಇಷ್ಟು ಹಣ ಎಂದು ಸರ್ಕಾರವೊಂದು ಕಾನೂನು ಮಾಡಿದ್ದು 1889ರಲ್ಲಿ, ಬಿಸ್ಮಾರ್ಕನ ಜರ್ಮನಿಯಲ್ಲಿ. ಆಗ ಅಲ್ಲಿ ನಿಗದಿಯಾದ ವಯಸ್ಸು 70, ಅದು 65ಕ್ಕೆ ಇಳಿದದ್ದು 1916ರಲ್ಲಿ. ನಮ್ಮ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58 ಇದ್ದದ್ದು 60 ಆದದ್ದು 2008ರಲ್ಲಿ. ಅಂದರೆ ಇದು ಕಚೇರಿ, ಕಾರ್ಖಾನೆಗಳ ಲೆಕ್ಕ. ನಾಲೆ ನೀರಿಗೆ ರಾತ್ರಿ ಎದ್ದು ಹೋಗುವ ರೈತನಿಗೆ, ನಾಟಿ ಹಾಕುವ ಹೆಣ್ಣಾಳಿಗೆ, ಕುರಿ ಕಾಯುವವನಿಗೆ ಯಾರೂ ಹಾರ ಹಾಕಿ, ಶಾಲು ಹೊದಿಸಿ, ‘ನಾಳೆಯಿಂದ ಬರಬೇಡಿ’ ಎಂದು ಹೇಳಿದ್ದಿಲ್ಲ. ನಿವೃತ್ತಿಯೇ ಇಲ್ಲದ ಬದುಕಿಗೆ ಈಗ ಕಚೇರಿಯ ಲೆಕ್ಕ ಬಂದು ಸೇರಿಕೊಂಡಿದೆ. ಬೆಂಗಳೂರಿನಲ್ಲಿ ದುಡಿಯುವ ಮಗ ತನ್ನ ಕಂಪನಿಯ ನಿಯಮವನ್ನು ಹಳ್ಳಿಯ ಅಪ್ಪನಿಗೂ ಅನ್ವಯಿಸುತ್ತಾನೆ.

ಮಗ ದೂರದಲ್ಲಿದ್ದಾನೆ ಎಂಬುದೂ ಈ ಕಥೆಯ ಭಾಗ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು, ಇಲ್ಲೇ ಮದ್ದೂರಿನ ಗೆಜ್ಜಲಗೆರೆಯಲ್ಲಿ. ದಾರಿ ಹತ್ತಿರವಾಯಿತು. ಬರುವುದು ಮಾತ್ರ ಯುಗಾದಿ, ಮಾರಮ್ಮನ ಹಬ್ಬ, ಪಿತೃಪಕ್ಷಕ್ಕೇ ಉಳಿಯಿತು. ಉಳಿದ ದಿನಗಳಲ್ಲಿ ಅರಳಿಕಟ್ಟೆಯ ಮೇಲೆ ಕೂತವರ ಸರಾಸರಿ ವಯಸ್ಸು ಎಷ್ಟಿರುತ್ತದೆ ಎಂಬುದು ಊರಿನವರಿಗೇ ಗೊತ್ತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ದಾಟಿದವರು ಶೇ. 9.5ರಷ್ಟಿದ್ದರು. ಆಮೇಲೆ ಆ ಪಾಲು ಬೆಳೆಯುತ್ತಲೇ ಇದೆ.

ಈ ಮುಪ್ಪು ಚೆನ್ನಾಗಿರಲು ಬೇಕಾದದ್ದೇನು? ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ 1938ರಲ್ಲೇ, ಭೂಮಿಯ ಆ ಬದಿಯಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಒಂದು ಅಧ್ಯಯನ ಶುರುವಾಯಿತು. ಕಾಲೇಜಿನ ಹುಡುಗರು, ಬಾಸ್ಟನ್‌ನ ಬಡ ಕೇರಿಗಳ ಹುಡುಗರು, ಎಲ್ಲ ಸೇರಿ 724 ಜನ. ಅವರ ಜೀವನಪೂರ್ತಿ ಸಂಶೋಧಕರು ಅವರ ಬೆನ್ನು ಬಿಡಲಿಲ್ಲ. ರಕ್ತಪರೀಕ್ಷೆ, ಮದುವೆ, ಕೆಲಸ, ಜಗಳ, ಎಲ್ಲವನ್ನೂ ಬರೆದಿಟ್ಟರು. ಎಂಬತ್ತರಲ್ಲಿ ಯಾರು ಗಟ್ಟಿಮುಟ್ಟಾಗಿರುತ್ತಾರೆ ಎಂದು ಐವತ್ತರಲ್ಲೇ ಹೇಳುವುದಕ್ಕೆ, ಕೊಲೆಸ್ಟರಾಲ್ ಲೆಕ್ಕಕ್ಕಿಂತ ಅವರಿಗೆ ತಮ್ಮ ಸಂಬಂಧಗಳಲ್ಲಿದ್ದ ನೆಮ್ಮದಿಯೇ ಹೆಚ್ಚು ಸರಿಯಾದ ಗುರುತಾಗಿತ್ತು ಎಂಬುದು ಸಂಶೋಧಕರು ಕಂಡುಕೊಂಡ ಮುಖ್ಯ ವಿಚಾರ. ಹೊಳಲಿನ ಅಜ್ಜಿಯೊಬ್ಬರಿಗೆ ಇದನ್ನು ಹೇಳಿದರೆ, ಇದಕ್ಕೆ ಎಂಬತ್ತು ವರ್ಷ ಬೇಕಾಯಿತಾ ಎಂದು ಕೇಳಬಹುದು. ಆದರೆ ಆ ಸಂಬಂಧ ಯಾವುದರಿಂದ ಆಗುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು. ಬರೀ ಜೊತೆಗಿರುವುದರಿಂದಲೇ ಆಗುವುದಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕಾಯುವುದರಿಂದ ಆಗುತ್ತದೆ. ಆಲೆಮನೆಯ ಹುಡುಗರು ಕೊಪ್ಪರಿಗೆಯ ಸುತ್ತ ನಿಂತು ಆ ‘ಎತ್ರಪ್ಪಾ’ಗೆ ಕಾಯುತ್ತಾರಲ್ಲ, ಆ ಕಾಯುವಿಕೆ.

ಯಾರೂ ಕಾಯದೆ ಇದ್ದಾಗ? ಅದಕ್ಕೆ ಉತ್ತರ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿದೆ.

ಕಾಮೇಗೌಡರ ಹೆಸರು ಇಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಗೊತ್ತಿರುವ ಹೆಸರುಗಳೇ ಬೇಗ ಫೋಟೊ ಆಗಿಬಿಡುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಅವರು ಕುರಿ ಕಾಯುವವರು. ಊರ ಪಕ್ಕದ ಬೆಟ್ಟಕ್ಕೆ ಕುರಿ ಹೊಡೆದುಕೊಂಡು ಹೋದಾಗ ಕಂಡದ್ದು ಇಷ್ಟು: ಮಳೆ ಬಿದ್ದರೆ ನೀರು ಕಲ್ಲಿನ ಮೇಲೆ ಹರಿದು ಕೆಳಗೆ ಹೋಗುತ್ತದೆ, ಬೇಸಿಗೆಯಲ್ಲಿ ಹಕ್ಕಿಗೆ, ಪ್ರಾಣಿಗೆ ಕುಡಿಯಲು ಹನಿ ಇರುವುದಿಲ್ಲ. ಇದು ಸಾವಿರ ಜನ ಕಂಡ ಸಂಗತಿ. ಕಾಮೇಗೌಡರು ಕೋಲಿನಲ್ಲಿ ಮಣ್ಣು ಕೆದಕಿದರು. ಬೆಟ್ಟದ ನೆಲ ಕೋಲಿಗೆ ಬಗ್ಗುವುದಲ್ಲ. ಕುರಿ ಮಾರಿ ಗುದ್ದಲಿ, ಹಾರೆ ತಂದರು. ಕುರಿಯೇ ಬದುಕಾದವನು ಕುರಿ ಮಾರಿ ಹಾರೆ ತರುವುದು ಎಂದರೇನು ಎಂಬುದನ್ನು ಕುರಿ ಸಾಕಿದ ಮನೆಯವರು ಅರಿಯಬಲ್ಲರು. ಮನೆಗೆ ಬಂದು ಹೋಗುವ ದುಡ್ಡಿನಲ್ಲಿ ಒಂದಿಷ್ಟು ಬೆಟ್ಟಕ್ಕೆ ಹೋಗತೊಡಗಿತು. ಕಟ್ಟೆ ಒಂದಾಯಿತು, ಎರಡಾಯಿತು. ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು ಹರಿಯುವ ಹಾಗೆ. ಸುತ್ತ ಗಿಡ ನೆಟ್ಟರು. ಕಂಡವರೆಲ್ಲ ಹುಚ್ಚ ಎಂದರು, ನಂತರ ಸುಮ್ಮನಾದರು, ಕೊನೆಗೆ ನೋಡಲು ಬಂದರು.

2020ರ ಜೂನ್ 28ರಂದು ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಕಾಮೇಗೌಡರ ಹೆಸರೆತ್ತಿದಾಗ ಕಟ್ಟೆಗಳ ಎಣಿಕೆ 16 ಎಂದಾಗಿತ್ತು. ಅವರಿಗೆ ಎಂಬತ್ತು ದಾಟಿತ್ತು. ಕೆಎಸ್‌ಆರ್‌ಟಿಸಿ ಜೀವನಪರ್ಯಂತ ಉಚಿತ ಬಸ್ ಪಾಸ್ ಕೊಟ್ಟಿತು. ಬೆಟ್ಟ ಬಿಟ್ಟು ಎಲ್ಲಿಗೆ ಹೋಗುವುದಿತ್ತೋ ಅವರಿಗೆ! ಅದೇ ವರ್ಷ ಕೋವಿಡ್ ಬಂತು, ಗುಣವಾಗಿ ಮನೆಗೆ ಮರಳಿದರು. 2022ರ ಅಕ್ಟೋಬರ್ 17ರಂದು ತೀರಿಕೊಂಡರು.

ಅವರನ್ನು ಪರಿಸರಪ್ರೇಮಿ ಎಂದು ಕರೆಯುವುದು ರೂಢಿಯಾಗಿದೆ. ಅದು ಸರಿಯೇ. ಆದರೆ ವೃದ್ಧಾಪ್ಯದ ಕಡೆಯಿಂದ ನೋಡಿದರೆ ಇನ್ನೊಂದು ಕಾಣುತ್ತದೆ. ಯಾರೂ ‘ಬಾ’ ಎನ್ನದಿದ್ದಾಗ ಅವರು ತಮಗಾಗಿ ಕಾಯುವವರನ್ನು ತಾವೇ ಹುಡುಕಿಕೊಂಡರು. ನವಿಲು ಬಂದು ಹೋದ ಹೆಜ್ಜೆ ಕೆಸರಿನಲ್ಲಿ ಮೂಡಿದರೆ ಸಾಕು, ನಾಳೆ ಬೆಳಿಗ್ಗೆ ಏಳಲು ಅದೊಂದು ಕಾರಣ. ಕಟ್ಟೆ ಹೂಳು ತುಂಬಿದರೆ ಅದನ್ನು ತೆಗೆಯುವುದು ಇನ್ನೊಂದು ಕಾರಣ. ಸಂಬಳವಿಲ್ಲ, ಮೇಸ್ತ್ರಿ ಇಲ್ಲ, ನಿವೃತ್ತಿಯ ದಿನವೂ ಇಲ್ಲ.

ಅಕ್ಷರದ ಲೋಕದಲ್ಲೂ ಈ ಜಿಲ್ಲೆಗೆ ಅಂಥವರು ಇದ್ದಾರೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು 2003ರವರೆಗೆ ಬದುಕಿದರು. ಇಂಗ್ಲಿಷ್ ಮೇಷ್ಟ್ರು. ಕನ್ನಡ ಲಲಿತ ಪ್ರಬಂಧಕ್ಕೆ ‘ಹಗಲುಗನಸುಗಳು’ ಕೊಟ್ಟದ್ದು ಮೂವತ್ತರ ಹರೆಯದಲ್ಲಿ. ನಿವೃತ್ತಿಯಾದ ಮೇಲೆ ಅರ್ಧ ಶತಮಾನದ ಹತ್ತಿರ ಅವರ ಪಾಲಿಗಿತ್ತು. ಅದರಲ್ಲಿ ಅವರು ಏನು ಮಾಡಿದರು ಎಂಬುದನ್ನು ಪುಸ್ತಕಗಳ ಹೆಸರೇ ಹೇಳುತ್ತವೆ: ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ‘ಸಂಜೆಗಣ್ಣಿನ ಹಿನ್ನೋಟ’. ಮುಪ್ಪನ್ನು ಮುಚ್ಚಿಡಲಿಲ್ಲ, ಶೀರ್ಷಿಕೆಯಲ್ಲೇ ಇಟ್ಟರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 79ನೇ ವಯಸ್ಸಿನಲ್ಲಿ, ಕೈವಾರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ 84ರಲ್ಲಿ. ತೊಂಬತ್ತು ದಾಟಿದ ಮೇಲೆ ‘ದೇವರು’ ಎಂಬ ಪುಸ್ತಕ ಬಂತು. ಆ ವಯಸ್ಸಿನಲ್ಲಿ ಹೆಚ್ಚಿನವರು ದೇವರ ಹತ್ತಿರ ಸರಿಯುತ್ತಾರೆ. ಮೂರ್ತಿರಾಯರು ದೇವರಿದ್ದಾನೆಯೇ ಎಂದು ಕೂತು ವಿಚಾರಿಸಿದರು, ತಮಗೆ ಕಂಡ ‘ಇಲ್ಲ’ವನ್ನು ಅಳುಕಿಲ್ಲದೆ ಬರೆದರು. ಅವರ ತೀರ್ಮಾನವನ್ನು ಒಪ್ಪದವರೂ ಆ ಧೈರ್ಯವನ್ನು ಒಪ್ಪಬೇಕು. ವಯಸ್ಸಾದವರಿಗೆ ಹೊಸ ವಿಚಾರ ಬೇಡ, ಭಜನೆ ಸಾಕು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವಲ್ಲ, ಅದು ಎಷ್ಟು ತಪ್ಪು!

ಅದೇ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಗುಮಾಸ್ತಿಕೆಯಲ್ಲಿ ಜೀವ ತೇಯ್ದವರು. ‘ಮೈಸೂರು ಮಲ್ಲಿಗೆ’ 1942ರದ್ದು, ಜನ ಅಲ್ಲಿಗೇ ನಿಂತುಬಿಟ್ಟರು. ಕವಿ ನಿಲ್ಲಲಿಲ್ಲ. ‘ಎದೆ ತುಂಬ ನಕ್ಷತ್ರ’, ‘ಸಂಜೆ ಹಾಡು’ ಎಂಬ ಸಂಕಲನಗಳು ಬಂದದ್ದು ಎಂಬತ್ತರ ಆಚೆ. ಕನ್ನಂಬಾಡಿಯಿಂದ ಈ ಸೀಮೆಗೆ ನೀರು ತಂದ ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟರು, ಆಮೇಲೂ ದಶಕಗಳ ಕಾಲ ದುಡಿದರು. ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಜಾಗ ನೋಡಲು ಹೋದಾಗ ಅವರಿಗೆ ತೊಂಬತ್ತು ದಾಟಿತ್ತು. ಪಾಂಡವಪುರದ ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ನಂತರ ಸಕ್ಕರೆ ಕಾರ್ಖಾನೆಯ ನೌಕರರು. ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಹಾಕಿ ಕಟ್ಟಿದ ‘ಪುಸ್ತಕದ ಮನೆ’ಯಲ್ಲಿ ಲಕ್ಷಾಂತರ ಪುಸ್ತಕಗಳಿವೆ, ಓದಲು ಶುಲ್ಕವಿಲ್ಲ. 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಈವರೆಗಿನ ಹೆಸರುಗಳೆಲ್ಲ ಗಂಡಸರವು. ನಮ್ಮ ಅವ್ವಂದಿರ ವಿಷಯ ಬೇರೆ. ಅವರಿಗೆ ‘ಸುಮ್ಕೆ ಕೂತ್ಕೊ’ ಎಂದು ಹೇಳುವವರೇ ಕಡಿಮೆ. ಮೊಮ್ಮಗುವನ್ನು ಎತ್ತಿಕೊಳ್ಳುವುದು, ಅವರೆಕಾಯಿ ಸುಲಿಯುವುದು, ಕೊಟ್ಟಿಗೆ ಗುಡಿಸುವುದು, ಬೆಳಗಿನ ಜಾವದಿಂದ ರಾತ್ರಿಯವರೆಗೆ ಅವರ ಕೆಲಸ ಮುಗಿಯುವುದಿಲ್ಲ. ಮುಗಿಯದಿದ್ದರೂ ಅದನ್ನು ಕೆಲಸವೆಂದು ಯಾರೂ ಕರೆಯುವುದಿಲ್ಲ. ಅವರಿಗೆ ಬೇಕಿರುವುದು ಬಿಡುವು, ಜೊತೆಗೆ ‘ನೀನು ಮಾಡಿದ್ದು ಕೆಲಸ’ ಎಂಬ ಮಾತು. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು, ದುಡ್ಡು ಮುಟ್ಟದೆ. ಅದು ಕೆಲಸವೆಂದು ದೇಶಕ್ಕೆ ಕಂಡದ್ದು 2018ರಲ್ಲಿ, ಪದ್ಮಶ್ರೀ ಕೊಟ್ಟಾಗ. ಆ ವರ್ಷವೇ ಡಿಸೆಂಬರ್ 25ರಂದು ಅವರು ಹೊರಟುಹೋದರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿರುವುದರಿಂದ ನಮ್ಮ ಕಡೆಯ ಎಷ್ಟೋ ಅಜ್ಜಿಯರು ಮಾದಪ್ಪನ ಬೆಟ್ಟಕ್ಕೆ, ತವರಿಗೆ, ಮಗಳ ಮನೆಗೆ ಯಾರ ಕೈಯನ್ನೂ ಕಾಯದೆ ಹೋಗಿಬರುತ್ತಿದ್ದಾರೆ. ಇದನ್ನು ಖರ್ಚಿನ ಲೆಕ್ಕದಲ್ಲಿ ಮಾತ್ರ ಅಳೆಯುವವರು ಒಮ್ಮೆ ಆ ಬಸ್ಸಿನೊಳಗೆ ಕೂತು ಅವರ ಮುಖ ನೋಡಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನು ಹೇಳದಿದ್ದರೆ ಈ ಉಪನ್ಯಾಸ ಸುಳ್ಳಾಗುತ್ತದೆ. ಕೆಲಸ ವೃದ್ಧಾಪ್ಯಕ್ಕೆ ಅರ್ಥ ಕೊಡುತ್ತದೆ ನಿಜ. ಆದರೆ ಎಪ್ಪತ್ತರಲ್ಲಿ ಹೊಟ್ಟೆಗಾಗಿ ಕೂಲಿಗೆ ಹೋಗುವವರಿಗೆ ಈ ಮಾತು ಹೇಳುವ ಹಾಗಿಲ್ಲ. ಅವರಿಗೆ ಬೇಕಾದದ್ದು ಅರ್ಥವಲ್ಲ, ಆರಾಮ. 65 ದಾಟಿದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 2021ರಲ್ಲಿ ನಿಗದಿಯಾದದ್ದು ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. ಮಾತ್ರೆಗೇ ಸಾಲದು. ಇದು ಹೆಚ್ಚಬೇಕು, ತಿಂಗಳ ಮೊದಲ ವಾರವೇ ಕೈಗೆ ಸೇರಬೇಕು. ಹಿರಿಯರು ಅದಕ್ಕಾಗಿ ಬ್ಯಾಂಕಿನ ಮುಂದೆ ಹೆಬ್ಬೆರಳು ಹಿಡಿದು ನಿಲ್ಲುವಂತಾಗಬಾರದು. ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗುವುದಿಲ್ಲ. ಅರವತ್ತು ವರ್ಷ ಮಣ್ಣಿನಲ್ಲಿ ದುಡಿದದ್ದಕ್ಕೆ ಬೆರಳೇ ಸಾಕ್ಷಿ ಹೇಳುತ್ತಿರುವಾಗ, ಆ ಸಾಕ್ಷಿಯನ್ನೇ ಯಂತ್ರ ತಳ್ಳಿಹಾಕುತ್ತದೆ.

ಮನೆಯೊಳಗಿನ ಕಷ್ಟವೂ ಇದೆ. ಜಮೀನು ಪಾಲಾಗುತ್ತದೆ, ಜೊತೆಗೆ ಅಪ್ಪ ಅವ್ವನೂ ಪಾಲಾಗುತ್ತಾರೆ. ಹಿರಿಮಗನ ಮನೆಯಲ್ಲಿ ಒಂದು ತಿಂಗಳು, ಕಿರಿಮಗನಲ್ಲಿ ಒಂದು ತಿಂಗಳು, ಕೆಲವು ಕಡೆ ಅಪ್ಪ ಒಂದು ಮನೆ, ಅವ್ವ ಇನ್ನೊಂದು ಮನೆ. ಐವತ್ತು ವರ್ಷ ಒಂದೇ ಸೂರಿನಡಿ ಇದ್ದವರು ಹಬ್ಬದ ದಿನ ಮಾತ್ರ ಮುಖ ನೋಡುತ್ತಾರೆ. ಇದನ್ನು ಪಂಚಾಯ್ತಿ ಕೂಡಿ ಒಪ್ಪಿಸಿದವರೂ ನಮ್ಮವರೇ. 2007ರಲ್ಲಿ ಬಂದ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಅದಕ್ಕೆ ದಾನಪತ್ರದಲ್ಲಿ ಆ ಷರತ್ತು ಸ್ಪಷ್ಟವಾಗಿ ಬರೆದಿರುವುದು ಒಳ್ಳೆಯದು, ಬರೆಸುವ ಮುನ್ನ ಹಿರಿಯರು ಇದನ್ನು ಕೇಳಿ ಹಾಕಿಸಿಕೊಳ್ಳಬೇಕು. ಯಾರಲ್ಲಿ ಹೇಳಿಕೊಳ್ಳಲಿ ಎನ್ನುವವರಿಗೆ ಹಿರಿಯರ ಸಹಾಯವಾಣಿ 14567 ಇದೆ, ಕರೆಗೆ ದುಡ್ಡಿಲ್ಲ.

ಇನ್ನು ಮೈ. ‘ವಯಸ್ಸಾಯ್ತು, ಇನ್ನೇನು’ ಎಂದು ನಾವು ಕೈಬಿಡುವ ಬಹಳಷ್ಟು ತೊಂದರೆಗಳು ವಯಸ್ಸಿನವಲ್ಲ, ಕಣ್ಣಿನವು, ಕಿವಿಯವು. ಪೊರೆ ಬಂದ ಕಣ್ಣಿಗೆ ಪಾಕದ ಬಣ್ಣ ಕಾಣುವುದಿಲ್ಲ, ಸೂಜಿಗೆ ದಾರ ಹೋಗುವುದಿಲ್ಲ, ಬಚ್ಚಲಿನ ಮೆಟ್ಟಿಲು ತಪ್ಪುತ್ತದೆ. ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ ಅರ್ಧ ಗಂಟೆಯೊಳಗಿನ ಕೆಲಸ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಿವಿ ಕೇಳಿಸದವರು ಮೊದಲು ಟಿವಿಯ ಸದ್ದು ಏರಿಸುತ್ತಾರೆ, ನಂತರ ಕಟ್ಟೆಗೆ ಹೋಗುವುದನ್ನು ಬಿಡುತ್ತಾರೆ, ಕೊನೆಗೆ ಮನೆಯವರ ಜೊತೆ ಮಾತನ್ನೇ ಬಿಡುತ್ತಾರೆ. ಅದನ್ನು ನಾವು ‘ಮಂಕು’ ಎನ್ನುತ್ತೇವೆ. ಹಿರಿಯರನ್ನು ಕೂರಿಸಿಟ್ಟಷ್ಟೂ ಕಾಲಿನ ಮಾಂಸ ಕರಗುತ್ತದೆ. ಕಾಲು ಸೋತವರು ಬೀಳುತ್ತಾರೆ, ಬಿದ್ದವರ ತೊಡೆಯ ಮೂಳೆ ಮುರಿಯುತ್ತದೆ, ಅಲ್ಲಿಂದ ಮುಂದೆ ಹಾಸಿಗೆ. ಅಪ್ಪನಿಗೆ ಆರಾಮ ಕೊಡುತ್ತೇನೆ ಎಂದು ಹೊರಟ ಪ್ರೀತಿ ಹೀಗೆ ಹಾಸಿಗೆಯಲ್ಲಿ ಮುಗಿಯಬಾರದು. ಹಸುವಿಗೆ ಹುಲ್ಲು ಹಾಕಲಿ. ಹೊರೆ ಹೊರಿಸಬೇಡಿ, ಹಿಡಿಹುಲ್ಲು ಸಾಕು.

‘ಹೊಳಲು’ ಎಂಬ ಹೆಸರು ಹಳಗನ್ನಡದ ಪೊೞಲ್ ಎಂಬ ಮಾತನ್ನು ನೆನಪಿಸುತ್ತದೆ, ಅದಕ್ಕೆ ಊರು, ಪಟ್ಟಣ ಎಂಬ ಅರ್ಥ. ದತ್ತಿ ಎಂಬುದೂ ಹಳೆಯ ಪದ. ತಮ್ಮ ದುಡಿಮೆಯ ಒಂದು ಪಾಲನ್ನು ಇಡುಗಂಟಾಗಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಊರು ಸೇರಿ ಒಳ್ಳೆಯ ಮಾತು ಕೇಳಲಿ ಎಂದು ಹಿರಿಯರು ಮಾಡುವ ಏರ್ಪಾಡು ಇದು. ದತ್ತಿ ಇಡುವವರಲ್ಲಿ ಹೆಚ್ಚಿನವರು ನಿವೃತ್ತರೇ. ಪಿಂಚಣಿಯಲ್ಲಿ ಉಳಿಸಿದ್ದು, ಕೊನೆಯ ಹಸು ಮಾರಿ ಬಂದದ್ದು, ಅಪ್ಪ ಅವ್ವನ ಹೆಸರಿನಲ್ಲಿ. ಹಾಗಾಗಿ ಈ ದತ್ತಿಯ ಹಿರಿಯರಲ್ಲಿ ಉಪನ್ಯಾಸಕಾರನ ಒಂದು ಕೋರಿಕೆ.

ಮುಂದಿನ ವರ್ಷ ಈ ವೇದಿಕೆಗೆ ಹೊರಗಿನಿಂದ ಯಾರನ್ನೂ ಕರೆಯಬೇಡಿ. ಆಲೆಮನೆಯಲ್ಲಿ ಹದ ನೋಡುವ ಹಿರಿಯರೊಬ್ಬರನ್ನು, ಬಾಣಂತನ ಮಾಡಿಸಿ ಬಲ್ಲ ಅಜ್ಜಿಯೊಬ್ಬರನ್ನು ಕರೆಯಿರಿ. ನಿಂತು ಮಾತಾಡಲು ಆಗದಿದ್ದರೆ ಕುರ್ಚಿ ಹಾಕಿ. ಬರೆದು ತರಲು ಆಗದಿದ್ದರೆ ಊರಿನ ಹೈಸ್ಕೂಲು ಮಕ್ಕಳಲ್ಲಿ ಇಬ್ಬರನ್ನು ಪಕ್ಕದಲ್ಲಿ ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಿ. ಬೆಂಗಳೂರಿನಿಂದ ಬಂದ ಮಕ್ಕಳು ಮುಂದಿನ ಸಾಲಿನಲ್ಲಿ ಕೂರಲಿ. ಹಾರ, ಶಾಲು, ಗೌರವಧನ ಈ ಸಲ ಕೊಟ್ಟಷ್ಟೇ ಅವರಿಗೂ ಸಲ್ಲಲಿ. ಆ ಉಪನ್ಯಾಸವನ್ನೂ ಹೀಗೇ ಅಚ್ಚು ಹಾಕಿಸಿ.